ರಾಜ್ಯ ವಿಶ್ವವಿದ್ಯಾಲಯದಲ್ಲಿ ಶುದ್ಧ ಗಣಿತದ ಪಿಎಚ್‌.ಡಿ.: ಈಗಲೇ ಸೇರಬೇಕೇ, ಇನ್ನೊಂದು ವರ್ಷ ಓದಬೇಕೇ?

ಹಾವೇರಿ_ಎಂಎಸ್ಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಈ ವರ್ಷ ಗಣಿತದ ಎಂ.ಎಸ್ಸಿ. ಮುಗಿಸಿದ್ದೇನೆ. ಸಿಎಸ್‌ಐಆರ್‌-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಗಲಿಲ್ಲ. 2024ರಿಂದ ಹೊಸದಾಗಿ ಬಂದಿರುವ ಮೂರನೆಯ ವರ್ಗದಲ್ಲಿ, ಅಂದರೆ ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರ ಪಟ್ಟಿಯಲ್ಲಿ ಹೆಸರು ಬಂದಿದೆ. ಈ ಅಂಕಗಳು ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುವುದರಿಂದ ತೀರ್ಮಾನವನ್ನು ಬಹಳ ಕಾಲ ಮುಂದೂಡುವಂತಿಲ್ಲ.

ನಮ್ಮ ವಿಭಾಗದ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶಕರಾಗಲು ಒಪ್ಪಿದ್ದಾರೆ. ಅವರ ಕ್ಷೇತ್ರ ಗ್ರಾಫ್ ಥಿಯರಿ, ಅಂದರೆ ಬಿಂದುಗಳು (ಶೃಂಗಗಳು) ಮತ್ತು ಅವನ್ನು ಜೋಡಿಸುವ ಗೆರೆಗಳ (ಅಂಚುಗಳ) ಅಧ್ಯಯನ. ಅದರಲ್ಲೂ ಟೋಪಲಾಜಿಕಲ್ ಇಂಡೆಕ್ಸ್‌ಗಳ ಮೇಲೆ, ಅಂದರೆ ಗ್ರಾಫಿನ ರಚನೆಯಿಂದ ಲೆಕ್ಕಹಾಕುವ ಸಂಖ್ಯೆಗಳ ಮೇಲೆ, ಅವರ ಹಿಂದಿನ ವಿದ್ಯಾರ್ಥಿಗಳು ಕೆಲಸ ಮಾಡಿದ್ದಾರೆ. "ಮೂರು ವರ್ಷದಲ್ಲಿ ಮುಗಿಸಬಹುದು, ಎರಡು ಪೇಪರ್ ಆದರೆ ಸಾಕು" ಎಂದು ಭರವಸೆ ಕೊಟ್ಟಿದ್ದಾರೆ. ಎಂ.ಎಸ್ಸಿ.ಯಲ್ಲಿ ನಮಗೆ ಚೆನ್ನಾಗಿ ಪಾಠ ಮಾಡಿದವರು, ವಿದ್ಯಾರ್ಥಿಗಳ ಮೇಲೆ ಪ್ರೀತಿ ಇರುವವರು. ಆದರೆ ನನ್ನ ಆಸಕ್ತಿ ಬೇರೆ ಕಡೆ ಇದೆ. ನಾಲ್ಕನೆಯ ಸೆಮಿಸ್ಟರಿನಲ್ಲಿ ಗಾಲ್ವಾ ಥಿಯರಿ ನಮಗೆ ಐಚ್ಛಿಕ ವಿಷಯವಾಗಿತ್ತು. ವರ್ಗಸಮೀಕರಣಕ್ಕೆ ಇರುವಂಥ ಸೂತ್ರ ಐದನೆಯ ಘಾತದ ಸಮೀಕರಣಕ್ಕೆ ಏಕೆ ಇರಲಾರದು ಎಂಬುದನ್ನು ಐದು ಮೂಲಗಳ ಕ್ರಮಯೋಜನೆಗಳ ಗ್ರೂಪಿನ ರಚನೆಯಿಂದಲೇ ಸಾಧಿಸಿ ತೋರಿಸಿದ ಪಾಠ ಮುಗಿದ ಮೇಲೆ, ಮುಂದುವರಿದರೆ ಬೀಜಗಣಿತದಲ್ಲಿ ಅಥವಾ ಸಂಖ್ಯಾಸಿದ್ಧಾಂತದಲ್ಲಿಯೇ ಮುಂದುವರಿಯಬೇಕು ಎಂಬ ಆಸೆ ಗಟ್ಟಿಯಾಗಿದೆ.

ಗೆಳತಿಯರಲ್ಲಿ ಕೆಲವರು, ಇಂಡೆಕ್ಸ್‌ಗಳ ಕೆಲಸ ಶುದ್ಧ ಗಣಿತವೇ ಅಲ್ಲ, ಅದು ಬರೀ ಲೆಕ್ಕ ಮಾಡುವುದು ಎನ್ನುತ್ತಾರೆ. ಇನ್ನು ಕೆಲವರು ಐಐಎಸ್‌ಸಿ, ಟಿಐಎಫ್‌ಆರ್‌, ಐಎಸ್‌ಐ ಮುಂತಾದ ರಾಷ್ಟ್ರಮಟ್ಟದ ಸಂಶೋಧನಾ ಸಂಸ್ಥೆಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ನಿಲುಕುವಂಥವಲ್ಲ, ಕೈಗೆ ಬಂದದ್ದನ್ನು ಬಿಡಬೇಡ ಎನ್ನುತ್ತಾರೆ. ಮನೆಯಲ್ಲಿ ಅಪ್ಪನ ಮಾತು ಬೇರೆಯೇ: ಬಿ.ಎಡ್. ಮಾಡಿಕೊಂಡು ಪಿಯು ಉಪನ್ಯಾಸಕರ ನೇಮಕಾತಿಗೆ ಕಾಯುವುದು ಕ್ಷೇಮ ಎಂಬುದು ಅವರ ಅಭಿಪ್ರಾಯ.

ಹೀಗಾಗಿ ಅನುಭವಸ್ಥರನ್ನು ಕೇಳುತ್ತಿದ್ದೇನೆ. ಈಗ ಸಿಕ್ಕಿರುವ ಅವಕಾಶವನ್ನು ಒಪ್ಪಿಕೊಳ್ಳುವುದೋ, ಒಂದು ವರ್ಷ ಮನೆಯಲ್ಲಿ ಕುಳಿತು ಆ ಸಂಸ್ಥೆಗಳ ಪ್ರವೇಶಕ್ಕೆ ಓದುವುದೋ? ಓದುವುದಾದರೆ ನೆಟ್‌ಗೆ ಓದಿದ ರೀತಿಯೇ ಸಾಕಾಗುತ್ತದೆಯೇ? ಶುದ್ಧ ಗಣಿತದ ಸಂಶೋಧನೆಯಲ್ಲಿ ವಿದ್ಯಾರ್ಥಿ ದಿನವೂ ಮಾಡುವ ಕೆಲಸ ಯಾವುದು, ಸಮಸ್ಯೆ ಎಂಬುದು ಎಲ್ಲಿಂದ ಸಿಗುತ್ತದೆ ಎಂಬುದನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಸಂಕೀರ್ಣ_ಚರ (ಉತ್ತರ)

ನಾನು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಂಕೀರ್ಣ ವಿಶ್ಲೇಷಣೆಯಲ್ಲಿ ಪಿಎಚ್‌.ಡಿ. ಮಾಡಿ, ಈಗ ಮಲೆನಾಡಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಕನ್ನಡ ಮಾಧ್ಯಮದ ಆತಂಕಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ನಾನೂ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿದವನು. ಗಣಿತದ ಸಾಧನೆಯನ್ನು ಬರೆಯಲು ಬೇಕಾಗುವ ಇಂಗ್ಲಿಷ್ ಬಹಳ ಕಡಿಮೆ. "ಹೀಗಿದೆ ಎಂದುಕೊಳ್ಳೋಣ", "ಆದ್ದರಿಂದ", "ಇದು ವಿರೋಧಾಭಾಸ" ಎಂಬಂಥ ಕೆಲವೇ ವಾಕ್ಯರಚನೆಗಳು ತಿರುಗಿ ತಿರುಗಿ ಬರುತ್ತವೆ. ಸಂದರ್ಶನದಲ್ಲಿ ತೊಡರುವುದು ಸಾಮಾನ್ಯವಾಗಿ ಭಾಷೆಯಿಂದಲ್ಲ, ಮುಂದೆ ಹೇಳುವ ಕಾರಣದಿಂದ.

ನೆಟ್ ಪರೀಕ್ಷೆಯ ಸ್ವರೂಪವನ್ನು ಒಮ್ಮೆ ಗಮನಿಸಿ. ಮೂರು ಗಂಟೆ, 200 ಅಂಕ. ಎ ಭಾಗದಲ್ಲಿ 20 ಪ್ರಶ್ನೆಗಳಲ್ಲಿ 15, ಬಿ ಭಾಗದಲ್ಲಿ 40ರಲ್ಲಿ 25, ಸಿ ಭಾಗದಲ್ಲಿ 60ರಲ್ಲಿ 20. ಸಿ ಭಾಗದ ಪ್ರತಿ ಪ್ರಶ್ನೆಗೆ 4.75 ಅಂಕ, ಒಂದಕ್ಕಿಂತ ಹೆಚ್ಚು ಆಯ್ಕೆಗಳು ಸರಿ ಇರಬಹುದು, ಎಲ್ಲವನ್ನೂ ಸರಿಯಾಗಿ ಗುರುತಿಸಿದರೆ ಮಾತ್ರ ಅಂಕ. ಇದಕ್ಕೆ ಓದುವವರು ಪ್ರತ್ಯುದಾಹರಣೆಗಳ ಒಂದು ದಾಸ್ತಾನನ್ನು ತಲೆಯಲ್ಲಿ ಇಟ್ಟುಕೊಂಡು ತಪ್ಪು ಆಯ್ಕೆಗಳನ್ನು ಹೊಡೆದುಹಾಕುವ ಅಭ್ಯಾಸ ಮಾಡುತ್ತಾರೆ. ಅದು ಉಪಯುಕ್ತ ಅಭ್ಯಾಸವೇ. ಆದರೆ ಯಾವುದು ನಿಜ ಎಂದು ಗುರುತಿಸುವುದಕ್ಕೂ ಅದು ಏಕೆ ನಿಜ ಎಂದು ಖಾಲಿ ಹಾಳೆಯ ಮೇಲೆ ಬರೆಯುವುದಕ್ಕೂ ನಡುವೆ ಇರುವ ದೂರವನ್ನು ಆ ಪರೀಕ್ಷೆ ಅಳೆಯುವುದೇ ಇಲ್ಲ.

ಸಂದರ್ಶನ ಅಳೆಯುವುದು ಅದನ್ನೇ. ನಿಮಗೆ ಯಾವ ವಿಷಯ ಇಷ್ಟ ಎಂದು ಕೇಳುತ್ತಾರೆ. ರಿಯಲ್ ಅನಾಲಿಸಿಸ್ ಎಂದಿರಿ ಎಂದಿಟ್ಟುಕೊಳ್ಳಿ. ವಾಸ್ತವ ಸಂಖ್ಯೆಗಳ ಮೇಲೆ ಕಂಟಿನ್ಯುಅಸ್ ಆಗಿರುವ, ಮಿತಿಯೊಳಗೇ ಇರುವ, ಆದರೆ ಯೂನಿಫಾರ್ಮ್ ಆಗಿ ಕಂಟಿನ್ಯುಅಸ್ ಅಲ್ಲದ (ಅಂದರೆ ಎರಡು ಬಿಂದುಗಳು ಎಷ್ಟೇ ಹತ್ತಿರವಾದರೂ ಬೆಲೆಗಳು ದೂರವೇ ಉಳಿಯಬಲ್ಲ) ಒಂದು ಫಂಕ್ಷನ್ ಹೇಳಿ ಎನ್ನುತ್ತಾರೆ. ನೆಟ್‌ಗೆ ಓದಿದವರು ತಡವಿಲ್ಲದೆ "ಎಕ್ಸ್ ವರ್ಗದ ಸೈನ್" ಎನ್ನುತ್ತಾರೆ. ಸರಿ, ಬೋರ್ಡಿನ ಮೇಲೆ ಸಾಧಿಸಿ ಎಂದಾಗ ಅರ್ಧಕ್ಕರ್ಧ ಜನ ಗ್ರಾಫು ಬಿಡಿಸಿ, ಅಲೆಗಳು ಹತ್ತಿರ ಹತ್ತಿರ ಆಗುತ್ತಾ ಹೋಗುತ್ತವೆ ಎಂದು ಕೈಸನ್ನೆ ಮಾಡಿ ನಿಂತುಬಿಡುತ್ತಾರೆ. ಬೇಕಾದದ್ದು ಎರಡೇ ಸಾಲು: 2ಎನ್ ಪೈ ಎಂಬುದರ ವರ್ಗಮೂಲವನ್ನು ಒಂದು ಬಿಂದುವಾಗಿ, ಅದೇ ಸಂಖ್ಯೆಗೆ ಪೈಯ ಅರ್ಧವನ್ನು ಕೂಡಿಸಿದ ಮೇಲೆ ಬರುವ ವರ್ಗಮೂಲವನ್ನು ಇನ್ನೊಂದು ಬಿಂದುವಾಗಿ ತೆಗೆದುಕೊಂಡರೆ, ಎನ್ ದೊಡ್ಡದಾದಂತೆ ಅವುಗಳ ಅಂತರ ಸೊನ್ನೆಗೆ ಹೋಗುತ್ತದೆ, ಫಂಕ್ಷನ್‌ನ ಬೆಲೆ ಮಾತ್ರ ಒಂದು ಕಡೆ 0, ಇನ್ನೊಂದು ಕಡೆ 1. ಅಲ್ಲಿಗೆ ನಿಲ್ಲುವುದಿಲ್ಲ. ಎಕ್ಸ್ ಎರಡೂ ದಿಕ್ಕಿನಲ್ಲಿ ಅನಂತಕ್ಕೆ ಹೋದಾಗ ಫಂಕ್ಷನ್‌ಗೆ ಲಿಮಿಟ್ ಇದ್ದರೆ ಅದು ಯೂನಿಫಾರ್ಮ್ ಆಗಿ ಕಂಟಿನ್ಯುಅಸ್ ಆಗುತ್ತದೆಯೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದನ್ನು ಸಾಧಿಸಿದರೆ, ಇದರ ವಿಲೋಮ ನಿಜವೇ ಎಂದು ಕೇಳುತ್ತಾರೆ. ಬರೀ ಸೈನ್ ಎಕ್ಸ್ ನೆನಪಾದರೆ ಅದು ಅಲ್ಲ ಎಂದು ಗೊತ್ತಾಗುತ್ತದೆ. ಈ ಎಳೆ ಹಿಡಿದು ಎಷ್ಟು ದೂರ ಹೋಗಬಲ್ಲಿರಿ, ಸಿಕ್ಕಿಕೊಂಡಾಗ ಏನು ಮಾಡುತ್ತೀರಿ ಎಂಬುದನ್ನು ಅವರು ನೋಡುತ್ತಿರುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಸಣ್ಣ ಉದಾಹರಣೆಯೊಂದನ್ನು ಪರೀಕ್ಷಿಸಲು ತೊಡಗಿದವರಿಗೆ ಸುಳಿವು ಕೊಡುತ್ತಾರೆ. ಬಾಯಿಪಾಠ ಮಾಡಿದ ಪ್ರಮೇಯಗಳ ಹೆಸರನ್ನು ಒಂದರ ಮೇಲೊಂದು ಹೇಳುವವರ ಬಗ್ಗೆ ಬೇಗ ತೀರ್ಮಾನವಾಗಿಬಿಡುತ್ತದೆ.

ಆದ್ದರಿಂದ ಒಂದು ವರ್ಷ ಓದುವುದಾದರೆ ಓದುವ ರೀತಿಯನ್ನೇ ಬದಲಾಯಿಸಬೇಕು. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಗ್ರೂಪ್-ರಿಂಗ್-ಫೀಲ್ಡ್, ಟೋಪಾಲಜಿ, ಸಂಕೀರ್ಣ ವಿಶ್ಲೇಷಣೆ. ಈ ಐದರಾಚೆ ಹೋಗುವುದು ಬೇಡ. ಪ್ರತಿಯೊಂದಕ್ಕೂ ಒಂದೇ ಪುಸ್ತಕ ಹಿಡಿದು, ಪ್ರಮೇಯದ ಹೇಳಿಕೆಯನ್ನು ಓದಿದ ಕೂಡಲೇ ಪುಸ್ತಕ ಮುಚ್ಚಿ, ಸಾಧನೆಯನ್ನು ಸ್ವತಃ ಬರೆಯಲು ಪ್ರಯತ್ನಿಸಿ. ಬರದಿದ್ದರೆ ಮೊದಲ ಸಾಲು ಮಾತ್ರ ನೋಡಿ ಮತ್ತೆ ಮುಚ್ಚಿ. ದಿನಕ್ಕೆ ಎರಡು ಪುಟ ಆಗಬಹುದು, ಆಗಲಿ. ಜೊತೆಗೆ ಒಂದಾದರೂ ಶಿಬಿರಕ್ಕೆ ಹೋಗಿಬನ್ನಿ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರ, ಐಐಟಿ ಬಾಂಬೆ ಮತ್ತು ಟಿಐಎಫ್‌ಆರ್‌ ಜಂಟಿಯಾಗಿ ನಡೆಸುವ ರಾಷ್ಟ್ರೀಯ ಗಣಿತ ಕೇಂದ್ರದ ಎಟಿಎಂ (ಉನ್ನತ ಗಣಿತ ತರಬೇತಿ) ಶಾಲೆಗಳು ನಮ್ಮಂಥ ವಿಶ್ವವಿದ್ಯಾಲಯಗಳಿಂದ ಬಂದವರಿಗೆ ಹೇಳಿ ಮಾಡಿಸಿದಂತಿವೆ. ಅಲ್ಲಿ ಬೆಳಿಗ್ಗೆ ಪಾಠ ಕೇಳಿ ಮಧ್ಯಾಹ್ನ ಸಮಸ್ಯೆ ಬಿಡಿಸುವಾಗ ದೇಶದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತರೆ, ನಮ್ಮ ಮಟ್ಟ ಎಲ್ಲಿದೆ ಎಂಬುದು ಯಾರೂ ಹೇಳದೆಯೇ ತಿಳಿದುಬಿಡುತ್ತದೆ. ನನ್ನ ಮಟ್ಟಿಗೆ ಎಂ.ಎಸ್ಸಿ.ಯ ಎರಡು ವರ್ಷಕ್ಕಿಂತ ಅಂಥ ಒಂದು ಶಿಬಿರ ಹೆಚ್ಚು ಕಲಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಹಣದ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಹಂತದ ಎಸ್‌ಆರ್‌ಎಫ್ ಆದಾಗ 42,000. ಮನೆಬಾಡಿಗೆ ಭತ್ಯೆ ಬೇರೆ. ಮೂರನೆಯ ವರ್ಗದ ಅರ್ಹತೆಯಿಂದ ಪ್ರವೇಶ ಸಿಗುತ್ತದೆಯೇ ಹೊರತು ಶಿಷ್ಯವೇತನ ತಾನಾಗಿ ಬರುವುದಿಲ್ಲ. ಐದು ವರ್ಷ ಹಣವಿಲ್ಲದೆ ಶುದ್ಧ ಗಣಿತ ಮಾಡುತ್ತೇನೆ ಎಂಬುದು ಕೇಳಲು ಚೆಂದ. ಎರಡನೆಯ ವರ್ಷದಲ್ಲಿ ಅತಿಥಿ ಉಪನ್ಯಾಸಕ ಹುದ್ದೆ ಹಿಡಿದು ಬಸ್ಸಿನಲ್ಲಿ ಪೇಪರ್ ಓದುವ ಸ್ಥಿತಿ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಹೀಗಾಗಿ ನನ್ನ ಸಲಹೆ: ಮನೆಯವರು ಒಪ್ಪುವುದಾದರೆ ಒಂದು ವರ್ಷ ತೆಗೆದುಕೊಳ್ಳಿ.

ಗಂಗೋತ್ರಿ_ವಾಸಿ (ಉತ್ತರ)

ಮೇಲಿನ ಉತ್ತರದಲ್ಲಿ ಓದಿನ ರೀತಿಯ ಬಗ್ಗೆ ಹೇಳಿರುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿಯೇ ಅಡಗಿರುವ ಒಂದು ಭಾವನೆಯ ಬಗ್ಗೆ, ಅಂದರೆ ಬೆಂಗಳೂರಿನ ಎರಡು ಮೂರು ಸಂಸ್ಥೆಗಳಲ್ಲಿ ಮಾತ್ರ ಗಣಿತವಿದೆ, ಉಳಿದ ಕಡೆ ಬರೀ ಪದವಿ ಸಿಗುತ್ತದೆ ಎಂಬ ಭಾವನೆಯ ಬಗ್ಗೆ, ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿರುವ ನಾನು ಎರಡು ಮಾತು ಹೇಳಲೇಬೇಕು.

ಮೈಸೂರಿನಲ್ಲಿ ರಾಮಾನುಜನ್ನರ ಗಣಿತದ ಒಂದು ಪರಂಪರೆಯೇ ಇದೆ. ಕೆ. ವೆಂಕಟಾಚಲ ಅಯ್ಯಂಗಾರ್ಯರು ಎಲಿಪ್ಟಿಕ್ ಫಂಕ್ಷನ್‌ಗಳ ಸಿದ್ಧಾಂತವನ್ನು ರಾಮಾನುಜನ್ನರ ದಾರಿಯಲ್ಲಿ ಹೇಗೆ ಕಟ್ಟಬಹುದು ಎಂದು ತೋರಿಸಿದವರು. ರಾಮಾನುಜನ್ನರ ಎರಡನೆಯ ನೋಟುಪುಸ್ತಕದ 16ನೆಯ ಅಧ್ಯಾಯದ ಥೀಟಾ ಫಂಕ್ಷನ್‌ಗಳು ಮತ್ತು ಕ್ಯೂ-ಸರಣಿಗಳನ್ನು ಸಾಧನೆಸಮೇತ ವಿವರಿಸುವ ಪ್ರಬಂಧ 1985ರಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯಿಂದ ಪ್ರಕಟವಾದಾಗ, ಅದರ ಕರ್ತೃಗಳಲ್ಲಿ ಬ್ರೂಸ್ ಬರ್ನ್ಟ್ ಅವರ ಜೊತೆಗೆ ಮೈಸೂರು ವಿಶ್ವವಿದ್ಯಾಲಯದ ಸಿ. ಅಡಿಗ ಮತ್ತು ಎಸ್. ಭಾರ್ಗವ ಇದ್ದರು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಡಿಫರೆನ್ಷಿಯಲ್ ಜಾಮಿಟ್ರಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದ್ರವಚಲನ ಗಣಿತ, ಧಾರವಾಡ, ಮೈಸೂರು, ಕಲಬುರಗಿಗಳಲ್ಲಿ ಗ್ರಾಫ್ ಥಿಯರಿ. ಹೀಗೆ ಒಂದೊಂದು ಕಡೆ ಒಂದೊಂದು ಬೇರು ಬಿಟ್ಟಿದೆ. ಬೀಜಗಣಿತೀಯ ಸಂಖ್ಯಾಸಿದ್ಧಾಂತ ಅಥವಾ ಆಲ್ಜೀಬ್ರಾಯಿಕ್ ಜಾಮಿಟ್ರಿಯಲ್ಲಿ ಮಾರ್ಗದರ್ಶಕರು ಬೇಕೆಂದರೆ ಮಾತ್ರ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಿಗುವುದು ಕಷ್ಟ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈಗ ಇಂಡೆಕ್ಸ್‌ಗಳ ವಿಷಯಕ್ಕೆ ಬರುತ್ತೇನೆ. ಅದು ಶುದ್ಧ ಗಣಿತವೇ ಅಲ್ಲ ಎಂದ ನಿಮ್ಮ ಗೆಳತಿಯರು ಆ ಕ್ಷೇತ್ರದ ಕೆಟ್ಟ ಪೇಪರ್‌ಗಳನ್ನು ಮಾತ್ರ ನೋಡಿರಬೇಕು. (ಅಂಥವು ಸುಲಭವಾಗಿ ಕಣ್ಣಿಗೆ ಬೀಳುವಷ್ಟು ಇವೆ ಎಂಬುದೂ ನಿಜವೇ.) ಮೂಲದ ಕಥೆ ಸರಳ. 1947ರಲ್ಲಿ ಹ್ಯಾರಿ ವೀನರ್ ಎಂಬ ರಸಾಯನಶಾಸ್ತ್ರಜ್ಞ, ಪ್ಯಾರಫಿನ್ ಅಣುಗಳ ಕುದಿಬಿಂದುವಿಗೂ ಅವುಗಳ ರಚನೆಗೂ ಇರುವ ಸಂಬಂಧವನ್ನು ಹಿಡಿಯಲು ಒಂದು ಸಂಖ್ಯೆಯನ್ನು ಬಳಸಿದ. ಗ್ರಾಫಿನ ಪ್ರತಿ ಎರಡು ಶೃಂಗಗಳ ನಡುವಿನ ದೂರವನ್ನು (ಕನಿಷ್ಠ ಎಷ್ಟು ಅಂಚು ದಾಟಬೇಕು ಎಂಬುದನ್ನು) ಲೆಕ್ಕಹಾಕಿ ಎಲ್ಲವನ್ನೂ ಕೂಡಿಸಿದರೆ ಬರುವುದೇ ಇಂದಿನ ವೀನರ್ ಇಂಡೆಕ್ಸ್. ನಾಲ್ಕು ಶೃಂಗಗಳು ಒಂದೇ ಸಾಲಿನಲ್ಲಿದ್ದರೆ ದೂರ 1 ಇರುವ ಜೋಡಿ ಮೂರು, 2 ಇರುವವು ಎರಡು, 3 ಇರುವುದು ಒಂದು, ಒಟ್ಟು 10. ನಡುವೆ ಒಂದು ಶೃಂಗವಿದ್ದು ಉಳಿದ ಮೂರು ಅದಕ್ಕೆ ಅಂಟಿಕೊಂಡಿದ್ದರೆ ಒಟ್ಟು 9.

ಇಲ್ಲಿಂದ ಎರಡು ದಾರಿ ಒಡೆಯುತ್ತವೆ. ಒಂದು ದಾರಿಯಲ್ಲಿ, ಹೊಸದೊಂದು ಹೆಸರಿನ ಗ್ರಾಫ್ ಕುಟುಂಬವನ್ನು ತೆಗೆದುಕೊಂಡು ಹೊಸದೊಂದು ಹೆಸರಿನ ಇಂಡೆಕ್ಸನ್ನು ಅದಕ್ಕೆ ಲೆಕ್ಕಹಾಕಿ, ಉತ್ತರವನ್ನು ಪ್ರಮೇಯ ಎಂದು ಕರೆದು ಪ್ರಕಟಿಸುತ್ತಾರೆ. ಅಂಚುಗಳನ್ನು ವರ್ಗೀಕರಿಸಿ ಕೂಡಿಸುವುದಷ್ಟೇ ಅಲ್ಲಿರುವ ಕೆಲಸ. ಇಂಥ ಪೇಪರ್ ತಿಂಗಳಿಗೊಂದು ಬರೆಯಬಹುದು. ಇನ್ನೊಂದು ದಾರಿಯಲ್ಲಿ ಪ್ರಶ್ನೆಯೇ ಬೇರೆ. ಎನ್ ಶೃಂಗಗಳಿರುವ ಎಲ್ಲ ಟ್ರೀಗಳಲ್ಲಿ (ಒಂದೇ ತುಂಡಾಗಿದ್ದು, ಎಲ್ಲಿಯೂ ಸುತ್ತು ಇಲ್ಲದ ಗ್ರಾಫ್‌ಗಳಲ್ಲಿ) ಅತಿ ಕಡಿಮೆ ಬೆಲೆ ಯಾವುದಕ್ಕೆ, ಅತಿ ಹೆಚ್ಚು ಯಾವುದಕ್ಕೆ? ಕಡಿಮೆ ಬೆಲೆ ನಕ್ಷತ್ರಾಕಾರದ ಟ್ರೀಗೆ, ಅದು ಎನ್‌ಗಿಂತ ಒಂದು ಕಡಿಮೆ ಇರುವ ಸಂಖ್ಯೆಯ ವರ್ಗ; ಹೆಚ್ಚು ಬೆಲೆ ಒಂದೇ ಸಾಲಿನ ಪಥಕ್ಕೆ. ಇದನ್ನು ನೀವೇ ಸಾಧಿಸಿ ನೋಡಿ, ಒಂದು ಸಂಜೆಯ ಕೆಲಸ. ಇನ್ನೂ ಮುಂದೆ ಹೋಗಿ, ಯಾವ ಯಾವ ಪೂರ್ಣಾಂಕಗಳು ಯಾವುದಾದರೂ ಒಂದು ಟ್ರೀಯ ವೀನರ್ ಇಂಡೆಕ್ಸ್ ಆಗಿರುತ್ತವೆ ಎಂದು ಕೇಳಿದರೆ ವಿಷಯ ಗಂಭೀರವಾಗುತ್ತದೆ. 49 ಸಂಖ್ಯೆಗಳನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತವೆ, ಬಿಟ್ಟುಹೋದವುಗಳಲ್ಲಿ ದೊಡ್ಡದು 159 ಎಂಬುದು ಮೊದಲು ಊಹೆಯಾಗಿತ್ತು. 2006ರಲ್ಲಿ ಸ್ಟೀಫನ್ ವಾಗ್ನರ್ ಒಂದು ಕಡೆ, ವಾಂಗ್ ಮತ್ತು ಯೂ ಇನ್ನೊಂದು ಕಡೆ ಇದನ್ನು ಸ್ವತಂತ್ರವಾಗಿ ಸಾಧಿಸಿದರು. ಆ ಸಾಧನೆಗಳಲ್ಲಿ ಸಂಖ್ಯಾಸಿದ್ಧಾಂತ ಒಳಗೆ ಬರುತ್ತದೆ. ನಿಮಗೆ ಇಷ್ಟವಾದ ವಿಷಯ ನೀವು ಒಲ್ಲೆ ಎನ್ನುತ್ತಿರುವ ವಿಷಯದೊಳಗೇ ಇದೆ, ನೋಡಿ.

ಆದ್ದರಿಂದ ಪ್ರಾಧ್ಯಾಪಕರ ಕ್ಷೇತ್ರದ ಹೆಸರು ಕೇಳಿ ತೀರ್ಮಾನಿಸಬೇಡಿ. ಅವರು ಎಂಥ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ನೋಡಿ. ಅದನ್ನು ತಿಳಿಯುವುದು ಕಷ್ಟವಲ್ಲ. ಅವರ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಯಾರಿಗೂ ತೆರೆದಿವೆ. ಎರಡು ಪ್ರಬಂಧ ಇಳಿಸಿಕೊಂಡು, ಪೀಠಿಕೆ ಬಿಟ್ಟು ನೇರವಾಗಿ ಮೂರನೆಯ ಅಧ್ಯಾಯ ತೆರೆಯಿರಿ. ಒಂದೇ ಲೆಕ್ಕ ಬೇರೆ ಬೇರೆ ಗ್ರಾಫ್‌ಗಳಿಗೆ ಮರುಕಳಿಸಿದೆಯೇ, ಅಥವಾ "ಇದಕ್ಕಿಂತ ಉತ್ತಮ ಮಿತಿ ಸಾಧ್ಯವಿಲ್ಲ", "ಸಮಾನತೆ ಬರುವುದು ಈ ಗ್ರಾಫ್‌ಗಳಿಗೆ ಮಾತ್ರ" ಎಂಬಂಥ ಹೇಳಿಕೆಗಳಿವೆಯೇ? ನಂತರ ಅವರ ಪೇಪರ್‌ಗಳು ಯಾವ ಪತ್ರಿಕೆಗಳಲ್ಲಿವೆ ಎಂದು ಜ಼ೆಡ್‌ಬಿಮ್ಯಾಥ್‌ನಲ್ಲಿ ನೋಡಿ. ಗಣಿತ ಪೇಪರ್‌ಗಳ ಈ ಸೂಚಿ 2021ರಿಂದ ಉಚಿತ. ಲೇಖಕರಿಂದ ಹಣ ಪಡೆದು ವಾರದೊಳಗೆ ಒಪ್ಪಿಗೆ ಕೊಡುವ ಪತ್ರಿಕೆಗಳ ಹೆಸರೇ ಹೆಚ್ಚಾಗಿದ್ದರೆ ಅನುಮಾನಿಸಿ. ಒಳ್ಳೆಯ ಗಣಿತ ಪತ್ರಿಕೆಯಲ್ಲಿ ಪರಿಶೀಲಕರು ಸಾಧನೆಯನ್ನು ಸಾಲು ಸಾಲಾಗಿ ಓದಬೇಕಾಗಿರುವುದರಿಂದ ಒಂದು ವರ್ಷ ಹಿಡಿಯುವುದು ಸಾಮಾನ್ಯ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯ ಗಣಿತ ಪ್ರೊಸೀಡಿಂಗ್ಸ್, ರಾಮಾನುಜನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆ ಮುಂತಾದವು ನಮ್ಮಲ್ಲೇ ಇವೆ.

"ಮೂರು ವರ್ಷ, ಎರಡು ಪೇಪರ್" ಎಂಬ ಮಾತು ನನಗೆ ಅಷ್ಟು ಹಿಡಿಸಲಿಲ್ಲ. ಯುಜಿಸಿಯ 2022ರ ನಿಯಮಗಳಲ್ಲಿ ಮೂರು ವರ್ಷ ಎಂಬುದು ಕನಿಷ್ಠ ಅವಧಿ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೆರಡು ವರ್ಷದ ರಿಯಾಯಿತಿ ಇದೆ. ಪ್ರಕಟಣೆ ಕಡ್ಡಾಯ ಎಂಬ ಷರತ್ತನ್ನು ಆ ನಿಯಮಗಳೇ ಕೈಬಿಟ್ಟಿವೆ, ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು ಅಷ್ಟೆ. ಶುದ್ಧ ಗಣಿತದಲ್ಲಿ ಮೊದಲ ವರ್ಷ ಓದಿಗೇ ಹೋಗುತ್ತದೆ. ಕೆಲಸ ಶುರುವಾಗುವ ಮೊದಲೇ ಪೇಪರ್‌ಗಳ ಸಂಖ್ಯೆ ಹೇಳುವವರು ಮೇಲೆ ಹೇಳಿದ ಮೊದಲ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಆದರೂ ಅವರ ಮುಂದೆ ಕುಳಿತು, "ಸರ್, ಮೊದಲ ವರ್ಷ ನಾನು ಯಾವ ಪ್ರಶ್ನೆಯ ಬಗ್ಗೆ ಯೋಚಿಸಬೇಕು?" ಎಂದು ಕೇಳಿನೋಡಿ. ಅವರು ಕೊಡುವ ಉತ್ತರದಿಂದ ನಿಮಗೆ ಅರ್ಧ ತೀರ್ಮಾನ ಸಿಗುತ್ತದೆ. ಉಳಿದರ್ಧಕ್ಕೆ, ವಿಭಾಗದಲ್ಲಿ ವಾರಕ್ಕೊಂದಾದರೂ ಸೆಮಿನಾರ್ ನಡೆಯುತ್ತದೆಯೇ, ಅವರ ಕೈಕೆಳಗೆ ಈಗಾಗಲೇ ಎಷ್ಟು ಜನ ಇದ್ದಾರೆ ಎಂದು ವಿಚಾರಿಸಿ. ನಿಯಮದ ಪ್ರಕಾರ ಪ್ರಾಧ್ಯಾಪಕರೊಬ್ಬರಿಗೆ ಎಂಟು ವಿದ್ಯಾರ್ಥಿಗಳವರೆಗೆ ಅವಕಾಶವಿದೆ. ಎಂಟು ಜನರೊಂದಿಗೆ ವಾರವಾರವೂ ಗಣಿತ ಮಾತನಾಡುವವರನ್ನು ನಾನಂತೂ ಕಂಡಿಲ್ಲ.

ರೈನ್_ದಡದಿಂದ (ಉತ್ತರ)

ದಿನವೂ ಮಾಡುವ ಕೆಲಸ ಯಾವುದು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಅದಕ್ಕಷ್ಟೇ ಬರೆಯುತ್ತೇನೆ. ನಾನು ಸಂಖ್ಯಾಸಿದ್ಧಾಂತದಲ್ಲಿ ಕೆಲಸ ಮಾಡುತ್ತಾ ಜರ್ಮನಿಯಲ್ಲಿದ್ದೇನೆ.

ಮೊದಲ ಸಮಸ್ಯೆಯನ್ನು ವಿದ್ಯಾರ್ಥಿ ತಾನೇ ಹುಡುಕಿಕೊಳ್ಳುವುದು ಅಪರೂಪ. ಮಾರ್ಗದರ್ಶಕರು ಒಂದೆರಡು ಪೇಪರ್ ಕೈಗಿಡುತ್ತಾರೆ: ಇಲ್ಲಿ ಪರಿಮೇಯ ಸಂಖ್ಯೆಗಳಿಗೆ ಸಾಧಿಸಿದ್ದಾರೆ, ವರ್ಗಮೂಲವೊಂದನ್ನು ಸೇರಿಸಿ ಕಟ್ಟಿದ ಫೀಲ್ಡ್‌ಗೆ ಎಲ್ಲಿ ಕೆಡುತ್ತದೆ ನೋಡು ಎನ್ನುತ್ತಾರೆ. ಹದಿನೈದು ಪುಟದ ಪೇಪರ್ ಓದಲು ಮೂರು ತಿಂಗಳು ಬೇಕಾಗಬಹುದು, ಏಕೆಂದರೆ "ಸುಲಭವಾಗಿ ಕಾಣುತ್ತದೆ" ಎಂದು ಲೇಖಕರು ಬಿಟ್ಟುಹೋದ ಸಾಲು ಇನ್ನೊಂದು ಪುಸ್ತಕದ ಇಡೀ ಅಧ್ಯಾಯವನ್ನು ಬೇಡುತ್ತದೆ. ಆ ಸಾಲುಗಳನ್ನು ತುಂಬಿಸುತ್ತಾ ನೋಟುಪುಸ್ತಕ ಬರೆಯುವುದು, ಸಣ್ಣ ಉದಾಹರಣೆಗಳನ್ನು ಕೈಯಿಂದ ಅಥವಾ ಸೇಜ್, ಪಾರಿ ಎಂಬ ಉಚಿತ ತಂತ್ರಾಂಶಗಳಿಂದ ಲೆಕ್ಕಹಾಕುವುದು, ಯಾವ ಹಂತದಲ್ಲಿ ಯಾವ ಷರತ್ತು ಬಳಕೆಯಾಯಿತು ಎಂದು ಗುರುತಿಸುವುದು, ಇದೇ ದಿನಚರಿ. ವಾರಕ್ಕೊಮ್ಮೆ ಅದನ್ನು ಯಾರಿಗಾದರೂ ಬೋರ್ಡಿನ ಮೇಲೆ ಹೇಳಬೇಕು. ಹೇಳುವಾಗಲೇ ಸಾಧನೆಯಲ್ಲಿರುವ ತೂತು ಕಾಣುವುದು. ನಮ್ಮಲ್ಲಿ ಲೇಖಕರ ಹೆಸರುಗಳು ಅಕಾರಾದಿಯಲ್ಲಿ ಬರುತ್ತವೆ, ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಕೊನೆಗೆ ಬರುವ ಪದ್ಧತಿ ಇಲ್ಲ, ಪಿಎಚ್‌.ಡಿ. ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಮಾತ್ರ ಪೇಪರ್ ಬರೆಯುವುದೂ ಇಲ್ಲಿ ಸಹಜ.

ಸಂಖ್ಯಾಸಿದ್ಧಾಂತ ಬೇಕೆಂದರೆ ಗಾಲ್ವಾ ಥಿಯರಿಯ ಮೇಲೆ ಕಮ್ಯುಟೇಟಿವ್ ಆಲ್ಜೀಬ್ರಾ, ಸಂಕೀರ್ಣ ವಿಶ್ಲೇಷಣೆ, ಬೀಜಗಣಿತೀಯ ಸಂಖ್ಯಾಸಿದ್ಧಾಂತದ ಆರಂಭ ಇಷ್ಟಾದರೂ ಬೇಕು. ಇವನ್ನು ಒಬ್ಬರೇ ಓದುವುದು ಅಸಾಧ್ಯವಲ್ಲ, ಆದರೆ ನಿಧಾನ. ಅದಕ್ಕಾಗಿಯೇ ಕೋರ್ಸ್‌ಗಳು ನಡೆಯುವ ಜಾಗ ಮುಖ್ಯವಾಗುತ್ತದೆ. ಜರ್ಮನಿಯಲ್ಲಿ ಪಿಎಚ್‌.ಡಿ. ಎಂದರೆ ಬಹುಮಟ್ಟಿಗೆ ಒಪ್ಪಂದದ ನೌಕರಿ, ಸಂಬಳ ಇರುತ್ತದೆ. ಆದರೆ ನಮ್ಮ ಎಂ.ಎಸ್ಸಿ. ಪ್ರಬಂಧದಲ್ಲಿ ಗಟ್ಟಿ ಕೆಲಸವಿಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಸದ್ಯಕ್ಕೆ ಅದರ ಯೋಚನೆ ಬೇಡ.

ಹಾವೇರಿ_ಎಂಎಸ್ಸಿ

ಎಲ್ಲರಿಗೂ ಕೃತಜ್ಞತೆಗಳು. ನಕ್ಷತ್ರಾಕಾರದ ಟ್ರೀಯ ಸಾಧನೆ ನಿನ್ನೆ ರಾತ್ರಿ ಬಂತು: ಟ್ರೀಯಲ್ಲಿ ನೇರವಾಗಿ ಅಂಚಿನಿಂದ ಸೇರಿದ ಜೋಡಿಗಳು ಎನ್‌ಗಿಂತ ಒಂದು ಕಡಿಮೆ ಮಾತ್ರ ಇರುವುದರಿಂದ, ಉಳಿದ ಎಲ್ಲ ಜೋಡಿಗಳ ದೂರ ಕನಿಷ್ಠ 2 ಇರಲೇಬೇಕು, ನಕ್ಷತ್ರದಲ್ಲಿ ಅದು ಸರಿಯಾಗಿ 2. ಪಥದ ಸಾಧನೆ ಇನ್ನೂ ಪೂರ್ತಿಯಾಗಿಲ್ಲ. ಶೋಧಗಂಗಾದಲ್ಲಿ ಎರಡು ಪ್ರಬಂಧ ನೋಡಿದೆ. ಒಂದರಲ್ಲಿ ನೀವು ಹೇಳಿದ ಮೊದಲ ದಾರಿಯೇ ಇದೆ. ಹಳೆಯದಾದ ಇನ್ನೊಂದರಲ್ಲಿ ಮಿತಿಗಳ ಬಗ್ಗೆ ಎರಡು ಅಧ್ಯಾಯಗಳಿವೆ.

ಒಂದೇ ಸಂದೇಹ ಉಳಿದಿದೆ. ಇಲ್ಲಿ ನೋಂದಾಯಿಸಿಕೊಂಡು, ಕೋರ್ಸ್‌ವರ್ಕ್ ಮಾಡುತ್ತಲೇ ಆ ಪರೀಕ್ಷೆಗಳನ್ನು ಬರೆಯಬಹುದೇ? ಇದನ್ನು ಸರ್‌ಗೆ ಹೇಳುವುದು ಹೇಗೆ?

ಗಂಗೋತ್ರಿ_ವಾಸಿ

ಬರೆಯುವುದಕ್ಕೆ ಅಡ್ಡಿಯಿಲ್ಲ. ಕೋರ್ಸ್‌ವರ್ಕ್ ಎಂದರೆ ಕನಿಷ್ಠ 12 ಕ್ರೆಡಿಟ್. ಅದರ ಓದು ನಿಮ್ಮ ತಯಾರಿಗೂ ಆಗುತ್ತದೆ. ಒಂದು ಕಡೆ ಆಯ್ಕೆಯಾದರೆ ಇಲ್ಲಿಯ ನೋಂದಣಿ ರದ್ದುಪಡಿಸಿಕೊಂಡೇ ಅಲ್ಲಿ ಸೇರಬೇಕು. ಮೂಲ ದಾಖಲೆಗಳನ್ನು ಹಿಂದಿರುಗಿಸುವ ನಿಯಮ, ಶುಲ್ಕ ಎಷ್ಟು ವಾಪಸು ಬರುತ್ತದೆ ಎಂಬುದನ್ನು ಸೇರುವ ಮೊದಲೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ವಿದ್ಯಾರ್ಥಿ ಬಿಟ್ಟುಹೋದರೆ ಮಾರ್ಗದರ್ಶಕರ ಒಂದು ಸ್ಥಾನ ಆ ವರ್ಷ ವ್ಯರ್ಥವಾಗುತ್ತದೆ, ಆದ್ದರಿಂದ ಮುಚ್ಚಿಟ್ಟು ಸೇರುವುದು ನ್ಯಾಯವಲ್ಲ. "ಸರ್, ಜೆಆರ್‌ಎಫ್‌ಗೆ ಮತ್ತೊಮ್ಮೆ ಪ್ರಯತ್ನಿಸುತ್ತೇನೆ, ಐಐಎಸ್‌ಸಿ, ಟಿಐಎಫ್‌ಆರ್‌ ಪರೀಕ್ಷೆಗಳನ್ನೂ ಬರೆಯಬೇಕೆಂದಿದ್ದೇನೆ, ಸಿಗದಿದ್ದರೆ ನಿಮ್ಮಲ್ಲಿಯೇ ಮುಂದುವರಿಯುತ್ತೇನೆ" ಎಂದು ನೇರವಾಗಿ ಹೇಳಿ. ಪಾಠ ಮಾಡಿದ ಮೇಷ್ಟರಿಗೆ ಇದರಲ್ಲಿ ಬೇಸರಪಡುವಂಥದ್ದೇನಿಲ್ಲ. ಬೇಸರಪಟ್ಟರೆ ಅದೂ ನಿಮಗೆ ಈಗಲೇ ತಿಳಿದಿರುವುದು ಒಳ್ಳೆಯದು. ಜೆಆರ್‌ಎಫ್ ಬಂದರೆ ಅದನ್ನು ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಪಡೆಯಬಹುದು ಎಂಬುದನ್ನು ಅಪ್ಪನಿಗೂ ತಿಳಿಸಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಿ.ಎಡ್. ಬೇಡ, ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಸಾಕು ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಕೆ-ಸೆಟ್‌ಗೆ ಅರ್ಜಿ ಹಾಕಿಟ್ಟಿರಿ.

ಟಿಐಎಫ್‌ಆರ್‌ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಗೇಟ್ ಫೆಬ್ರುವರಿಯಲ್ಲಿ, ಐಎಸ್‌ಐ ಬೇಸಿಗೆಯಲ್ಲಿ ಬರುತ್ತವೆ. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಅರ್ಜಿ ಮಾತ್ರ ಆಗಸ್ಟ್-ಸೆಪ್ಟೆಂಬರಿನಲ್ಲಿಯೇ ಮುಗಿದುಹೋಗುವುದರಿಂದ ಮೊದಲು ಅದನ್ನು ನೋಡಿಕೊಳ್ಳಿ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಸಂಶೋಧನಾ ವಿದ್ಯಾರ್ಥಿವೇತನದ ಪ್ರಕಟಣೆಯ ಮೇಲೂ ಕಣ್ಣಿಟ್ಟಿರಿ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಪಥದ ಸಾಧನೆಗೆ ಒಂದು ಸುಳಿವು: ಒಂದು ತುದಿಯ ಶೃಂಗವನ್ನು ತೆಗೆದುಹಾಕಿ, ಉಳಿದ ಟ್ರೀಗೆ ಇಂಡಕ್ಷನ್ ಹಚ್ಚಿ. ತೆಗೆದ ಶೃಂಗದಿಂದ ಉಳಿದವುಗಳಿಗಿರುವ ದೂರಗಳ ಮೊತ್ತ ಹೆಚ್ಚೆಂದರೆ ಎಷ್ಟಾಗಬಹುದು ಎಂದು ನೋಡಿದರೆ ಸಾಕು.